ಹನ್ನೆರಡರ ವಯಸ್ಸಿನಲ್ಲಿ ಅಕ್ಷರ ಕಲಿತ ಅರಸರು: ಬರೋಡೆಯ ಸಯಾಜಿರಾವ್ ಗಾಯಕವಾಡರು

ಅಲಂಕಾರಶಾಸ್ತ್ರವನ್ನು ಸಂಪ್ರದಾಯಕ್ರಮದಿಂದ ಅಭ್ಯಾಸಮಾಡಿದವರಿಗೆ ಬರೋಡಾ ನಗರದ ಹೆಸರು ಹೊಸದಲ್ಲ. ರಾಜಶೇಖರನ ಕಾವ್ಯಮೀಮಾಂಸೆಯು 1916ರಲ್ಲಿ ಅಲ್ಲಿಯ ಗಾಯಕವಾಡ ಪ್ರಾಚ್ಯಗ್ರಂಥಮಾಲೆಯ ಪ್ರಥಮ ಕುಸುಮವಾಗಿ ಮುದ್ರಣಗೊಂಡು ಹೊರಬಂದಿತು. ಅಭಿನವಗುಪ್ತಾಚಾರ್ಯರ ವ್ಯಾಖ್ಯಾನಸಹಿತವಾದ ನಾಟ್ಯಶಾಸ್ತ್ರವೂ ಅದೇ ಮಾಲೆಯಲ್ಲಿ ಬೆಳಕು ಕಂಡಿತು. ಬಸವಣ್ಣನವರ ಕಾಲಕ್ಕೆ ತುಸು ಮುಂಚೆ ಕಲ್ಯಾಣವನ್ನಾಳಿದ ನಮ್ಮ ಚಾಲುಕ್ಯ ಚಕ್ರವರ್ತಿ ಮೂರನೆಯ ಸೋಮೇಶ್ವರನ ಮಾನಸೋಲ್ಲಾಸವು ಓಲೆಗಳಿಂದ ಅಚ್ಚಿಗೆ ಬಂದುದೂ ಆ ಗುಜರಾತೀ ಸಂಸ್ಥಾನದ ಧನದಿಂದಲೇ. ಗುರುಗಳ ಮುಂದೆ ಕುಳಿತು ಆ ಪುಸ್ತಕಗಳನ್ನು ಓದುತ್ತಿದ್ದ ದಿನಗಳಲ್ಲಿ, ಮುಖಪತ್ರದ ಮೇಲಿದ್ದ ಗಾಯಕವಾಡ ಎಂಬ ಮನೆತನದ ಹೆಸರನ್ನು ಕಂಡು, ಇವರು ಯಾರೋ ಪಂಡಿತಪರಂಪರೆಯ ಅರಸರಿರಬೇಕೆಂದು ನಾನು ಊಹಿಸಿಕೊಂಡಿದ್ದೆ. ಆ ಅರಸರು ತಮ್ಮ ಹನ್ನೆರಡನೆಯ ವಯಸ್ಸಿನವರೆಗೆ ಒಂದಕ್ಷರವನ್ನೂ ಓದಲರಿಯದ ಒಕ್ಕಲು ಹುಡುಗರಾಗಿದ್ದರೆಂಬುದು ತಿಳಿದುಬಂದದ್ದು ಬಹು ವರ್ಷಗಳ ತರುವಾಯ. ಅಂದಿನಿಂದ ಆ ಗ್ರಂಥಮಾಲೆಗಿಂತಲೂ ಅವರು ಚಿಕ್ಕ ಮಕ್ಕಳಿಗಾಗಿ, ಆ ಮಕ್ಕಳನ್ನು ಸಾಕಿ ಸಲಹುವ ತಾಯಂದಿರಿಗಾಗಿ ತೆರೆಯಿಸಿದ ಪುಸ್ತಕಶಾಲೆಗಳೇ ನನಗೆ ಹೆಚ್ಚು ಸ್ಮರಣೀಯವಾಗಿ ತೋರುತ್ತಿವೆ.

ನಾಸಿಕ ಜಿಲ್ಲೆಯ ಕವಳಾಣೆ ಎಂಬುದು ಒಂದು ಸಣ್ಣ ಹಳ್ಳಿ. ಅಲ್ಲಿ ಕಾಶೀರಾವ್ ಎಂಬ ಒಕ್ಕಲಿಗರ ಮನೆಯಲ್ಲಿ 1863ರ ಮಾರ್ಚಿ ತಿಂಗಳಲ್ಲಿ ಗೋಪಾಲರಾವ್ ಎಂಬ ಬಾಲಕ ಜನಿಸಿದನು. ತಾಯಿ ಉಮಾಬಾಯಿ. ಬರೋಡೆಯ ರಾಜವಂಶಕ್ಕೂ ಈ ಕುಟುಂಬಕ್ಕೂ ಹಲವು ತಲೆಗಳ ಹಿಂದಿನ ರಕ್ತಸಂಬಂಧವಿದ್ದಿತಾದರೂ ಅದರಿಂದ ಹೊಲಕ್ಕೆ ಒಂದು ಜೋಡಿ ಎತ್ತು ಹೆಚ್ಚಾಗಿ ಬಂದಿರಲಿಲ್ಲ. ದನ, ಹೊಲ, ಮಳೆ, ಬೆಳೆ, ಇವಿಷ್ಟೇ ಹುಡುಗನ ಲೋಕ. ನಮ್ಮ ನಾಡಿನಲ್ಲಿ ಮಗುವಿನ ಕೈ ಹಿಡಿದು ಅಕ್ಕಿಯ ಮೇಲೋ ಮರಳಿನ ಮೇಲೋ ಓನಾಮ ತಿದ್ದಿಸುವ ವಯಸ್ಸು ಅವನಿಗೆ ಬಂದು ಹೋಯಿತು. ತಿದ್ದಿಸುವವರು ಇರಲಿಲ್ಲ.

ಇತ್ತ ಬರೋಡೆಯಲ್ಲಿ ಮಲ್ಹಾರರಾಯನ ದುರಾಡಳಿತ ಮಿತಿಮೀರಿತ್ತು. ಬ್ರಿಟಿಷ್ ರೆಸಿಡೆಂಟರಿಗೆ ವಿಷಪ್ರಯೋಗ ಮಾಡಿಸಲೆಳಸಿದನೆಂಬ ಆರೋಪವೂ ಅವನ ಮೇಲೆ ಬಂದು, 1875ರ ಏಪ್ರಿಲಿನಲ್ಲಿ ಆತನು ಪದಚ್ಯುತನಾದನು. ಹಿಂದಿನ ಅರಸರಾದ ಖಂಡೇರಾಯರ ವಿಧವೆ ಜಮ್ನಾಬಾಯಿ ಮಹಾರಾಣಿಯವರಿಗೆ ದತ್ತು ಸ್ವೀಕರಿಸುವ ಅಧಿಕಾರ ದೊರೆಯಿತು. ವಂಶದ ಕವಲುಗಳನ್ನೆಲ್ಲ ಹುಡುಕಿ ಕವಳಾಣೆಯ ಹುಡುಗರನ್ನು ಕರೆತಂದರು. ಬಂದುದೇಕೆಂದು ಒಬ್ಬೊಬ್ಬರನ್ನೂ ಕೇಳಿದಾಗ, ಗೋಪಾಲನೊಬ್ಬನೇ ತಾನು ರಾಜ್ಯವಾಳಲು ಬಂದಿರುವೆನೆಂದು ನಿಸ್ಸಂಕೋಚವಾಗಿ ತಿಳಿಸಿದನೆಂದು ಕಥೆಯಿದೆ. ದೊಡ್ಡವರ ಬಾಲ್ಯದ ಸುತ್ತ ಇಂಥ ಕಥೆಗಳು ಹುಟ್ಟಿಕೊಳ್ಳುವುದು ಸಹಜ. ಅದನ್ನು ಕಥೆಯೆಂದೇ ಇಟ್ಟುಕೊಳ್ಳೋಣ. 1875ರ ಮೇ 27ರಂದು ದತ್ತವಿಧಿ ನಡೆದು ಗೋಪಾಲನು ಮೂರನೆಯ ಸಯಾಜಿರಾವ್ ಆದನು.

ಸಿಂಹಾಸನವೇನೋ ಒಂದೇ ದಿನದಲ್ಲಿ ದೊರೆಯಿತು. ಅಕ್ಷರ ಹಾಗೆ ದೊರೆಯುವ ವಸ್ತುವಲ್ಲ. ಐದಾರು ವರ್ಷದ ಕೂಸುಗಳು ಆಡುತ್ತಾಡುತ್ತ ಕಲಿಯುವ ಕಾಗುಣಿತವನ್ನು ಹನ್ನೆರಡು ವರ್ಷದ ಹುಡುಗನು ಆಸ್ಥಾನದವರೆಲ್ಲರ ಕಣ್ಣೆದುರಿನಲ್ಲಿ ತಿದ್ದಬೇಕಾಯಿತು. ಎಲಿಯಟ್ ಎಂಬ ಆಂಗ್ಲ ಅಧಿಕಾರಿ ಶಿಕ್ಷಕರಾಗಿ ನೇಮಕಗೊಂಡರು. ಮರಾಠಿ, ಗುಜರಾತಿ, ಉರ್ದು, ಇಂಗ್ಲಿಷ್ ಹೀಗೆ ನಾಲ್ಕು ಭಾಷೆಗಳು, ನಾಲ್ಕು ಬಗೆಯ ಲಿಪಿಗಳು ಒಟ್ಟಿಗೇ ಮೇಲೆ ಬಿದ್ದವು. ಬೆಳಗಿನಿಂದ ಸಂಜೆಯವರೆಗೆ ಪಾಠ, ನಡುನಡುವೆ ಕುದುರೆಸವಾರಿ, ಅಂಗಸಾಧನೆ. ದಿವಾನರಾಗಿದ್ದ ರಾಜಾ ಸರ್ ಟಿ. ಮಾಧವರಾಯರು ರಾಜ್ಯಶಾಸ್ತ್ರದ ಪಾಠಗಳನ್ನು ಸ್ವತಃ ಹೇಳಿದರು. ತಡವಾಗಿ ಕಲಿಯುವವನ ಕಷ್ಟ ಏನೆಂಬುದು ತಡವಾಗಿ ಕಲಿತವರಿಗೇ ಗೊತ್ತು. ನಾಲಗೆ ಬಲಿತಿರುತ್ತದೆ, ಬೆರಳು ಬಿರುಸಾಗಿರುತ್ತದೆ, ಎಲ್ಲಕ್ಕಿಂತ ಹೆಚ್ಚಾಗಿ ನಾಚಿಕೆ ಕಾಡುತ್ತದೆ. ಈ ಅನುಭವವನ್ನು ಸಯಾಜಿರಾಯರು ಮರೆಯಲಿಲ್ಲವೆಂಬುದಕ್ಕೆ ಅವರ ಮುಂದಿನ ಅರ್ಧ ಶತಮಾನದ ಆಳ್ವಿಕೆಯೇ ಸಾಕ್ಷಿ. ಆರು ವರ್ಷಗಳಲ್ಲಿ ಅವರು ಅಷ್ಟನ್ನೂ ಸಾಧಿಸಿ, 1881ರ ಡಿಸೆಂಬರ್ 28ರಂದು ಸಂಪೂರ್ಣ ರಾಜ್ಯಾಧಿಕಾರವನ್ನು ವಹಿಸಿಕೊಂಡರು.

ಅವರ ಆಡಳಿತಸುಧಾರಣೆಗಳನ್ನೆಲ್ಲ ಇಲ್ಲಿ ವಿವರಿಸುವ ಅಗತ್ಯವಿಲ್ಲ. ರೈಲುಮಾರ್ಗಗಳು, ಕಲಾಭವನವೆಂಬ ಕೈಗಾರಿಕಾ ವಿದ್ಯಾಲಯ, ಬ್ಯಾಂಕು, ಬಾಲ್ಯವಿವಾಹ ನಿಷೇಧ ಮುಂತಾದವನ್ನು ಚರಿತ್ರೆಯ ಪುಸ್ತಕಗಳು ಹೇಳುತ್ತವೆ. ಅರವಿಂದ ಘೋಷರು ಹದಿಮೂರು ವರ್ಷ ಅವರಲ್ಲಿ ಕೆಲಸ ಮಾಡಿದ್ದು ಪ್ರಸಿದ್ಧವಾದ ಸಂಗತಿ. ನಮಗೆ ಪ್ರಕೃತವಾದದ್ದು ಅಕ್ಷರದ ವಿಷಯ.

1893ರಲ್ಲಿ ಸಯಾಜಿರಾಯರು ಕಾಠಿಯಾವಾಡದಲ್ಲಿದ್ದ ತಮ್ಮ ಅಮರೇಲಿ ಪ್ರಾಂತದ ಕೆಲವು ಹಳ್ಳಿಗಳಲ್ಲಿ ಉಚಿತವೂ ಕಡ್ಡಾಯವೂ ಆದ ಪ್ರಾಥಮಿಕ ಶಿಕ್ಷಣವನ್ನು ಪ್ರಯೋಗರೂಪವಾಗಿ ಆರಂಭಿಸಿದರು. ಭರತಖಂಡದಲ್ಲಿ ಅಂದಿಗೆ ಅದೊಂದು ಅಪೂರ್ವ ಸಾಹಸ. 1906ರಲ್ಲಿ ಆ ಶಾಸನವನ್ನು ಇಡೀ ಸಂಸ್ಥಾನಕ್ಕೆ ವಿಸ್ತರಿಸಿದರು. ಗಂಡುಮಕ್ಕಳಿಗೆ ಮಾತ್ರವಲ್ಲ, ಹೆಣ್ಣುಮಕ್ಕಳಿಗೂ ಅದು ಅನ್ವಯಿಸಿತು. ಗೋಪಾಲಕೃಷ್ಣ ಗೋಖಲೆಯವರು 1910-11ರಲ್ಲಿ ಬ್ರಿಟಿಷ್ ಇಂಡಿಯಾಕ್ಕೂ ಇಂಥ ಕಾನೂನು ಬೇಕೆಂದು ವಾದಿಸಿದಾಗ ಬೆರಳು ಮಾಡಿ ತೋರಿಸಿದ್ದು ಬರೋಡೆಯ ಕಡೆಗೇ. ಆ ಮಸೂದೆ ಅಲ್ಲಿ ಬಿದ್ದುಹೋಯಿತು.

ಆದರೆ ಕಾನೂನಿಗೂ ಒಂದು ಎಲ್ಲೆಯಿದೆ. ಮಗುವನ್ನು ಶಾಲೆಗೆ ಕಳುಹದ ತಂದೆಗೆ ದಂಡ ವಿಧಿಸುವ ವ್ಯವಸ್ಥೆಯಿತ್ತು. ದಂಡ ಕಟ್ಟಿದವರೂ ಬಹಳ ಮಂದಿ. ಕೂಲಿಯ ಮನೆಯಲ್ಲಿ ದನ ಕಾಯುವ ಹುಡುಗನೂ ತೊಟ್ಟಿಲು ತೂಗುವ ಹುಡುಗಿಯೂ ಮನೆಯ ಸಂಪಾದನೆಗೆ ಊರುಗೋಲುಗಳು. ಅವರನ್ನು ಕಿತ್ತು ಶಾಲೆಯಲ್ಲಿ ಕುಳ್ಳಿರಿಸಿದರೆ ಆ ಮನೆಗೆ ನೋವಾಗದಿರುವುದೆಂತು? ಇನ್ನೂ ದೊಡ್ಡ ಚಿಂತೆ ಬೇರೊಂದಿತ್ತು. ನಾಲ್ಕೈದು ವರ್ಷ ಕಲಿತು ಹೊಲಕ್ಕೆ ಮರಳಿದ ಹುಡುಗನಿಗೆ ಮತ್ತೆ ಓದುವ ಪ್ರಸಂಗವೇ ಬರುತ್ತಿರಲಿಲ್ಲ. ಮನೆಯಲ್ಲಿ ಒಂದು ಪುಸ್ತಕವಿಲ್ಲ. ತಾಯಿಗೆ ಅಕ್ಷರವಿಲ್ಲ. ಊರಿನಲ್ಲಿ ಅಚ್ಚಾದ ಕಾಗದವೆಂದರೆ ಅಂಗಡಿಯವನು ಪೊಟ್ಟಣ ಕಟ್ಟುವ ಹರಕು ಮಾತ್ರ. ಕೆಲವೇ ವರ್ಷಗಳಲ್ಲಿ ಕಲಿತದ್ದೆಲ್ಲ ಮಾಸಿ ಹೋಗಿ, ಹೆಬ್ಬೆಟ್ಟಿನ ಗುರುತು ಹಾಕುವವರ ಸಾಲಿಗೆ ಅವನೂ ಸೇರುತ್ತಿದ್ದನು. ದಂಡದ ಭಯದಿಂದ ಮಗುವನ್ನು ಶಾಲೆಯ ಬಾಗಿಲಿಗೆ ತರಬಹುದು. ಓದನ್ನು ದಂಡದಿಂದ ಬೆಳೆಸುವ ಉಪಾಯ ಯಾವ ದಂಡನೀತಿಯಲ್ಲಿಯೂ ಹೇಳಿಲ್ಲ. ಸಯಾಜಿರಾಯರು ಗ್ರಂಥಾಲಯಗಳ ಕಡೆಗೆ ತಿರುಗಿದ್ದು ಈ ಕಾರಣದಿಂದ.

ಅವರಿಗಿಂತ ಮೊದಲೇ ಈ ದಾರಿಯನ್ನು ತುಳಿದವರೊಬ್ಬರು ಅದೇ ಸಂಸ್ಥಾನದಲ್ಲಿದ್ದರು. ಮೋತೀಭಾಯಿ ಅಮೀನ್ ಎಂಬ ಶಾಲಾ ಉಪಾಧ್ಯಾಯರು 1906ರ ಸುಮಾರಿಗೆ ಮಿತ್ರಮಂಡಲವೆಂಬ ಹೆಸರಿನಲ್ಲಿ ಹಳ್ಳಿಹಳ್ಳಿಗೆ ಪತ್ರಿಕೆ, ಪುಸ್ತಕಗಳನ್ನು ಮುಟ್ಟಿಸುವ ಕಾರ್ಯ ಕೈಗೊಂಡಿದ್ದರು. ಕೈಯಲ್ಲಿ ಹಣವಿಲ್ಲ, ಅಧಿಕಾರವಿಲ್ಲ. ಮೇಷ್ಟರ ಶ್ರದ್ಧೆಯೊಂದೇ ಬಂಡವಾಳ. ಬರೋಡೆಯ ಗ್ರಂಥಾಲಯ ಚಳವಳಿಯ ಯಶಸ್ಸನ್ನೆಲ್ಲ ಅರಸರ ಲೆಕ್ಕಕ್ಕೇ ಬರೆಯುವವರು ಈ ಉಪಾಧ್ಯಾಯರಿಗೆ ಅನ್ಯಾಯ ಮಾಡಿದಂತಾಗುತ್ತದೆ. ಮುಂದೆ ಸಂಸ್ಥಾನದ ಗ್ರಂಥಾಲಯ ಇಲಾಖೆಯಲ್ಲಿಯೂ ಅವರೇ ಹಳ್ಳಿಗಳ ಕೆಲಸಕ್ಕೆ ನಿಂತರು.

ಸಯಾಜಿರಾಯರು ಅಮೆರಿಕೆಯ ಪ್ರವಾಸದಲ್ಲಿ ಅಲ್ಲಿಯ ಸಾರ್ವಜನಿಕ ಗ್ರಂಥಾಲಯಗಳನ್ನು ಕಣ್ಣಾರೆ ಕಂಡರು. ಕೂಲಿಯವನೂ ಹುಡುಗನೂ ಹೆಂಗಸರೂ ನಿರ್ಭಯವಾಗಿ ಒಳಹೊಕ್ಕು ಬೇಕಾದ ಪುಸ್ತಕವನ್ನು ಮನೆಗೆ ಒಯ್ಯುವ ಆ ಪದ್ಧತಿ ಅವರ ಮನಸ್ಸನ್ನು ಸೆಳೆಯಿತು. ನ್ಯೂ ಹೇವನ್ ನಗರದ ಗ್ರಂಥಪಾಲರಾಗಿದ್ದ ವಿಲಿಯಂ ಅಲಾನ್ಸನ್ ಬೋರ್ಡನ್ ಎಂಬುವರನ್ನು 1910ರಲ್ಲಿ ಬರೋಡೆಗೆ ಬರಮಾಡಿಕೊಂಡರು. ಬೋರ್ಡನ್ನರು ಇದ್ದದ್ದು ಮೂರೇ ವರ್ಷ. ಅಷ್ಟರಲ್ಲಿ ಅವರು ಕೇಂದ್ರ ಗ್ರಂಥಾಲಯವನ್ನು ಸ್ಥಾಪಿಸಿ, ಪುಸ್ತಕಗಳನ್ನು ವಿಷಯವಾರು ವಿಂಗಡಿಸುವ ಕ್ರಮವೊಂದನ್ನು ರೂಪಿಸಿ, 1911ರಲ್ಲಿ ಗ್ರಂಥಪಾಲಕರ ಶಿಕ್ಷಣಕ್ಕೆ ತರಗತಿಯನ್ನೂ ತೆರೆದರು. ನಮ್ಮ ದೇಶದಲ್ಲಿ ಆ ವಿದ್ಯೆಯನ್ನು ಕ್ರಮವಾಗಿ ಕಲಿಸಿದ್ದು ಅದೇ ಮೊದಲು. ಅರಸರು ಅರಮನೆಯ ತಮ್ಮ ಸ್ವಂತ ಭಂಡಾರದಿಂದ ಸುಮಾರು 20,000 ಪುಸ್ತಕಗಳನ್ನು ಆ ಗ್ರಂಥಾಲಯಕ್ಕೆ ಒಪ್ಪಿಸಿದರು. ಹನ್ನೆರಡರವರೆಗೆ ಪುಸ್ತಕವನ್ನೇ ಮುಟ್ಟದಿದ್ದ ಕೈ ಮೂವತ್ತೈದು ವರ್ಷಗಳಲ್ಲಿ ಇಪ್ಪತ್ತು ಸಾವಿರವನ್ನು ಕೂಡಿಸಿ, ಕೂಡಿಸಿದ್ದನ್ನು ಊರಿನವರಿಗೆ ಬಿಟ್ಟುಕೊಟ್ಟಿತು. ಓದುಗರಿಂದ ಶುಲ್ಕ ತೆಗೆದುಕೊಳ್ಳಬಾರದೆಂಬುದು ಅಲ್ಲಿಯ ನಿಯಮವಾಯಿತು.

ಆ ಕೇಂದ್ರ ಗ್ರಂಥಾಲಯದಲ್ಲಿ ಮಕ್ಕಳಿಗಾಗಿ ಪ್ರತ್ಯೇಕ ವಿಭಾಗವೊಂದನ್ನು ಏರ್ಪಡಿಸಿದರು. ಇದನ್ನು ಸ್ವಲ್ಪ ವಿಸ್ತಾರವಾಗಿ ಹೇಳುವುದು ಯುಕ್ತ. ಏಕೆಂದರೆ ಅಂದಿನ ನಮ್ಮ ದೇಶದ ಗ್ರಂಥಭಂಡಾರಗಳಲ್ಲಿ, ಅವು ಅರಮನೆಯವಾಗಲಿ ಬಸದಿ ಮಠಗಳವಾಗಲಿ, ಮಗುವಿಗೆ ಪ್ರವೇಶವೇ ಇರಲಿಲ್ಲವೆನ್ನಬೇಕು. ಗ್ರಂಥವೆಂದರೆ ಪೂಜ್ಯವಾದದ್ದು, ಎಂಜಲು ಕೈ, ಮಣ್ಣು ಕೈ ತಾಗಬಾರದು. ನಮ್ಮ ಮನೆಯಲ್ಲಿಯೂ ಅಜ್ಜನವರ ಓಲೆಯ ಕಟ್ಟುಗಳು ಕೆಂಪು ವಸ್ತ್ರದಲ್ಲಿ ಸುತ್ತಲ್ಪಟ್ಟು ಅಟ್ಟದ ಮೇಲೆ ಇರುತ್ತಿದ್ದವು. ವರ್ಷಕ್ಕೊಮ್ಮೆ ಇಳಿಸಿ ವಿಭೂತಿ ಪತ್ರೆ ಏರಿಸಿ ಮತ್ತೆ ಮೇಲಿಡುತ್ತಿದ್ದರು. ಆ ಭಕ್ತಿ ದೊಡ್ಡದು, ಅದರಿಂದಲೇ ಎಷ್ಟೋ ಗ್ರಂಥಗಳು ಉಳಿದವು. ಆದರೆ ಮಗು ಅವನ್ನು ಕಂಡದ್ದು ಪೂಜೆಯ ವಸ್ತುವಾಗಿ, ಓದುವ ವಸ್ತುವಾಗಿಯಲ್ಲ. ಬರೋಡೆಯ ಮಕ್ಕಳ ಕೋಣೆಯಲ್ಲಿಯಾದರೋ ಚಿತ್ರದ ಪುಸ್ತಕಗಳಿದ್ದವು, ಆಟದ ಸಾಮಾನುಗಳೂ ಇದ್ದವು. ಓದಲು ಬಾರದ ಎಳೆಯ ಕೂಸು ಕೂಡ ಚಿತ್ರ ನೋಡಲೆಂದೋ ಆಡಲೆಂದೋ ಬರಬಹುದಿತ್ತು. ಹಾಗೆ ಬಂದ ಮಗುವಿನ ಮನಸ್ಸಿನಲ್ಲಿ ಪುಸ್ತಕವೂ ಆಟದ ನಂಟನ್ನು ಪಡೆಯುತ್ತದೆ. ಕಾಗುಣಿತ ಬರುವುದಕ್ಕೆ ಮುಂಚೆಯೇ ಹಾಳೆ ತಿರುವುವ ಆಸೆ ಹುಟ್ಟಿರುತ್ತದೆ. ಮರಾಠೀ ಗುಜರಾತೀ ಅಕ್ಷರಗಳನ್ನು ಗಡ್ಡ ಮೀಸೆಯ ವಯಸ್ಸಿಗೆ ಹತ್ತಿರವಾಗಿ ಕಲಿತ ಅರಸರಿಗೆ ತಮ್ಮ ಬಾಲ್ಯದಲ್ಲಿ ಕಳೆದುಹೋದದ್ದು ಇದೇ ಆಸೆಯೆಂಬುದು ಹೊಳೆದಿದ್ದರೆ ಆಶ್ಚರ್ಯವಿಲ್ಲ.

ಕೋಣೆ ಸಿದ್ಧವಾದರೆ ಸಾಲದು, ಅದರಲ್ಲಿಡಲು ಮಕ್ಕಳ ಪುಸ್ತಕಗಳು ಬೇಕಲ್ಲವೆ? ಅಂದಿನ ಗುಜರಾತಿಯಲ್ಲಿಯೂ ಮರಾಠಿಯಲ್ಲಿಯೂ ಅಂಥವು ವಿರಳ. 1912ರಲ್ಲಿ ಅರಸರು ಎರಡು ಲಕ್ಷ ರೂಪಾಯಿಗಳನ್ನು ಮೀಸಲಿಟ್ಟು ದೇಶಭಾಷಾ ಗ್ರಂಥಗಳ ಪ್ರಕಟನೆಗೆ ವ್ಯವಸ್ಥೆ ಮಾಡಿದರು. ಅದರಿಂದ ದೊಡ್ಡವರಿಗೆ ಸಯಾಜಿ ಸಾಹಿತ್ಯಮಾಲೆಯೂ ಮಕ್ಕಳಿಗೆ ಸಯಾಜಿ ಬಾಲಜ್ಞಾನಮಾಲೆಯೂ ಹೊರಬಂದವು. ಕಾವ್ಯಮೀಮಾಂಸೆಯ ಪ್ರಕಾಶನಕ್ಕೆ ಧನವಿತ್ತ ಕೈಯೇ ಎಳೆಯರಿಗೆ ತಿಳಿಯುವಂತೆ ಬರೆದ ಸಣ್ಣ ಹೊತ್ತಗೆಗಳಿಗೂ ಧನವಿತ್ತಿತೆಂಬುದನ್ನು ಪಂಡಿತವರ್ಗದ ನಾವು ಸಾಮಾನ್ಯವಾಗಿ ಗಮನಿಸುವುದಿಲ್ಲ. ಮೊದಲನೆಯದಕ್ಕೆ ಕೀರ್ತಿ ಬಂದಿತು, ಎರಡನೆಯವು ಮಕ್ಕಳ ಕೈಯಲ್ಲಿ ಹರಿದುಹೋದವು. ಮಕ್ಕಳ ಪುಸ್ತಕ ಹರಿದರೇ ಅದು ಓದಲ್ಪಟ್ಟಿತೆಂದು ಅರ್ಥ.

ಇನ್ನು ತಾಯಂದಿರ ವಿಷಯ. ಮಗು ಶಾಲೆಯಲ್ಲಿ ಕಳೆಯುವುದು ದಿನದ ಕೆಲವು ಗಳಿಗೆ. ಉಳಿದ ಹೊತ್ತು ಅದರ ಶಾಲೆ ತಾಯಿಯ ಮಡಿಲು, ಅಜ್ಜಿಯ ಸೆರಗು, ಅಕ್ಕನ ಕಂಕುಳು. ಮನೆಯ ಹೆಣ್ಣುಮಕ್ಕಳು ಓದಲರಿಯದಿದ್ದರೆ ಶಾಲೆಯಲ್ಲಿ ಹೊತ್ತಿಸಿದ ದೀಪ ಹೊಸ್ತಿಲಿನಲ್ಲಿಯೇ ಆರುತ್ತದೆ. ಈ ತತ್ತ್ವವನ್ನು ಸಯಾಜಿರಾಯರು ತಮ್ಮ ಅಂತಃಪುರದಲ್ಲಿಯೇ ಆಚರಣೆಗೆ ತಂದರು. ಮೊದಲ ಪತ್ನಿ, ತಂಜಾವೂರಿನ ಮನೆತನದ ಚಿಮ್ಣಾಬಾಯಿಯವರು ಮದುವೆಯಾಗಿ ಐದೇ ವರ್ಷದಲ್ಲಿ, 1885ರಲ್ಲಿ, ಎಳೆಯ ಮಕ್ಕಳನ್ನು ಬಿಟ್ಟು ತೀರಿಕೊಂಡರು. ಬಳಿಕ ಕೈಹಿಡಿದ ಎರಡನೆಯ ಚಿಮ್ಣಾಬಾಯಿಯವರಿಗೆ ವಿವಾಹಾನಂತರ ಶಿಕ್ಷಣದ ಏರ್ಪಾಡಾಯಿತು. ಆ ರಾಣಿಯವರು ಮುಂದೆ ಪರದೆಯನ್ನು ತ್ಯಜಿಸಿದರು. 1911ರಲ್ಲಿ ಭಾರತೀಯ ಸ್ತ್ರೀಯರ ಸ್ಥಿತಿಗತಿಗಳನ್ನು ಕುರಿತು ಇಂಗ್ಲಿಷಿನಲ್ಲಿ ಗ್ರಂಥವೊಂದನ್ನು ಸಹಲೇಖಕರೊಡನೆ ಹೊರತಂದರು. 1927ರಲ್ಲಿ ಪುಣೆಯಲ್ಲಿ ಸೇರಿದ ಪ್ರಥಮ ಅಖಿಲ ಭಾರತ ಮಹಿಳಾ ಸಮ್ಮೇಳನದ ಅಧ್ಯಕ್ಷಪೀಠವನ್ನಲಂಕರಿಸಿದರು. ಕೇಂದ್ರ ಗ್ರಂಥಾಲಯದಲ್ಲಿಯೂ ಮಕ್ಕಳ ವಿಭಾಗದಂತೆ ಮಹಿಳೆಯರಿಗೂ ಪ್ರತ್ಯೇಕ ವಿಭಾಗವಿದ್ದಿತು. ಗಂಡಸರ ಗುಂಪಿನ ನಡುವೆ ಕುಳಿತು ಓದಲು ಸಂಕೋಚಪಡುವ ಕಾಲ ಅದು. ಪ್ರತ್ಯೇಕ ಕೋಣೆಯಿಲ್ಲದಿದ್ದರೆ ಮನೆವಂತ ಹೆಂಗಸರು ಆ ಮೆಟ್ಟಿಲನ್ನೇ ಏರುತ್ತಿರಲಿಲ್ಲ. ಹನ್ನೆರಡನೆಯ ಶತಮಾನದಲ್ಲಿಯೇ ಕಾಯಕದ ಹೆಣ್ಣುಮಕ್ಕಳು ವಚನ ರಚಿಸಿದ ನಾಡಿನವರಾದ ನಮಗೆ ಇದು ಬಹಳ ತಡವಾಗಿ ಬಂದ ಬುದ್ಧಿಯೆಂದು ತೋರೀತು. ಆದರೆ ನಮ್ಮ ಅಜ್ಜಿಯರಲ್ಲಿ ಎಷ್ಟು ಮಂದಿ ಅಕ್ಕಮಹಾದೇವಿಯವರ ವಚನವನ್ನು ಕಣ್ಣಿನಿಂದ ಓದಿದ್ದರು, ಎಷ್ಟು ಮಂದಿ ಕಿವಿಯಿಂದ ಕೇಳಿದ್ದರು ಎಂದು ಎಣಿಸಿ ನೋಡಿದರೆ ನಾವೂ ಹೆಚ್ಚು ಹೆಮ್ಮೆಪಡುವಂತಿಲ್ಲ.

ಬರೋಡಾ ಸಂಸ್ಥಾನದ ನೆಲ ಒಂದೆಡೆ ಕೂಡಿದ್ದಲ್ಲ. ಬರೋಡಾ, ಕಡಿ, ನವಸಾರಿ, ಅಮರೇಲಿ ಎಂದು ತುಂಡುತುಂಡಾಗಿ ಗುಜರಾತು ಕಾಠಿಯಾವಾಡಗಳಲ್ಲಿ ಹರಡಿದ್ದಿತು. ರಾಜಧಾನಿಯ ಗ್ರಂಥಾಲಯ ಎಷ್ಟು ದೊಡ್ಡದಾದರೂ ಹಳ್ಳಿಯ ಮಗುವಿಗೆ ಅದರಿಂದೇನು? ಅದಕ್ಕಾಗಿ ಸಂಚಾರಿ ಗ್ರಂಥಾಲಯಗಳನ್ನು ಹೂಡಿದರು. ಗಟ್ಟಿಮುಟ್ಟಾದ ಮರದ ಪೆಟ್ಟಿಗೆಗಳಲ್ಲಿ ಪುಸ್ತಕಗಳನ್ನು ತುಂಬಿ, ಬೀಗ ಹಾಕಿ, ರೈಲಿನಲ್ಲಿ ಕಳುಹಿಸುವುದು. ಸಾಗಾಣಿಕೆಯ ವೆಚ್ಚ ಸಂಸ್ಥಾನದ್ದು. ಊರಿನವರು ಅದನ್ನು ಕೆಲವು ಕಾಲ ಇಟ್ಟುಕೊಂಡು ಓದಿ ಹಿಂದಿರುಗಿಸಿದರೆ ಬೇರೊಂದು ಪೆಟ್ಟಿಗೆ ಬರುತ್ತಿತ್ತು. ಜಂಗಮವು ಊರಿಂದೂರಿಗೆ ಸಂಚರಿಸಿ ಬೋಧೆ ಮಾಡುವುದನ್ನು ನೋಡಿ ಬೆಳೆದ ನಮಗೆ ಈ ಪೆಟ್ಟಿಗೆಗಳನ್ನು ಜಂಗಮ ಗ್ರಂಥಾಲಯಗಳೆಂದು ಕರೆಯಬೇಕೆನಿಸುತ್ತದೆ.

ಓದು ಬಾರದ ಹಿರಿಯರನ್ನೂ ಕೈಬಿಡಲಿಲ್ಲ. ಮಾಯಾದೀಪದ ಚಿತ್ರಗಳು, ಚಲನಚಿತ್ರಗಳು, ಕಣ್ಣಿಗೆ ಹಚ್ಚಿ ನೋಡುವ ಚಿತ್ರಯಂತ್ರಗಳು ಇವನ್ನೆಲ್ಲ ಗ್ರಂಥಾಲಯ ಇಲಾಖೆಯೇ ಹಳ್ಳಿಗಳಿಗೆ ಒಯ್ದು ತೋರಿಸುತ್ತಿತ್ತು. ಪುಸ್ತಕದ ಇಲಾಖೆಗೆ ಚಿತ್ರ ತೋರಿಸುವ ಕೆಲಸವೇಕೆಂದು ಆಕ್ಷೇಪಿಸುವವರು ಇದ್ದಾರು. ನನಗೆ ಅದು ಸರಿಯೆಂದೇ ತೋರುತ್ತದೆ. ತನಗೂ ಅಲ್ಲಿ ಒಂದು ಜಾಗವಿದೆಯೆಂದು ಕಂಡ ತಂದೆಯು ಮಗನನ್ನು ಆ ಬಾಗಿಲಿಗೆ ಕಳುಹಿಸಲು ಹಿಂಜರಿಯಲಾರ.

ಹಳ್ಳಿಯವರು ತಮ್ಮದೇ ಆದ ಗ್ರಂಥಾಲಯವನ್ನು ಬಯಸಿದರೆ ಅದಕ್ಕೊಂದು ಸುಲಭವಾದ ಗಣಿತವಿತ್ತು. ಖರ್ಚಿನಲ್ಲಿ ಒಂದು ಪಾಲು ಊರಿನವರದು, ಒಂದು ಪಾಲು ಪ್ರಾಂತ ಪಂಚಾಯಿತಿಯದು, ಇನ್ನೊಂದು ಪಾಲು ಸಂಸ್ಥಾನದ್ದು. ಊರು ತನ್ನ ಪಾಲನ್ನು ಕೂಡಿಸದೆ ಸರಕಾರದ ಕಾಸು ಬಿಚ್ಚುತ್ತಿರಲಿಲ್ಲ. ಬಿಟ್ಟಿ ಬಂದದ್ದಕ್ಕೆ ಬೆಲೆಯಿಲ್ಲವೆಂಬುದನ್ನು ಒಕ್ಕಲು ಮನೆಯಲ್ಲಿ ಹುಟ್ಟಿದ ಅರಸರಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಬಹುಕಡೆ ಶಾಲೆಯ ಉಪಾಧ್ಯಾಯರೇ ಗ್ರಂಥಪಾಲರು, ಶಾಲೆಯ ಕಪಾಟೇ ಗ್ರಂಥಾಲಯ. ಅವರ ಆಳ್ವಿಕೆಯ ಕೊನೆಯ ಹೊತ್ತಿಗೆ ಇಂಥ ಗ್ರಾಮ ಗ್ರಂಥಾಲಯಗಳ ಸಂಖ್ಯೆ ಸಾವಿರವನ್ನು ಮೀರಿತ್ತು.

ಇಷ್ಟನ್ನು ಹೇಳಿ ನಿಲ್ಲಿಸಿದರೆ ಸ್ತುತಿಪಾಠಕನ ಕೆಲಸವಾದೀತು. ಸಯಾಜಿರಾಯರು ವರ್ಷದಲ್ಲಿ ಹಲವು ತಿಂಗಳು ವಿದೇಶಗಳಲ್ಲಿಯೇ ಇರುತ್ತಿದ್ದರೆಂದು ಪ್ರಜೆಗಳು ಗೊಣಗುತ್ತಿದ್ದರು. ದೇಹಾಲಸ್ಯ ಅದಕ್ಕೆ ಕಾರಣವಾಗಿದ್ದರೂ ಗೊಣಗಾಟ ನಿರಾಧಾರವಾಗಿರಲಿಲ್ಲ. ಅಸ್ಪೃಶ್ಯರೆನಿಸಿದವರ ಮಕ್ಕಳಿಗಾಗಿ ಅವರು ಆಳ್ವಿಕೆಯ ಆರಂಭದಲ್ಲಿಯೇ ಶಾಲೆಗಳನ್ನು ತೆರೆದಾಗ ಅಲ್ಲಿ ಪಾಠ ಹೇಳಲು ಮೇಲು ಜಾತಿಯ ಉಪಾಧ್ಯಾಯರು ಮುಂದೆ ಬರಲಿಲ್ಲ. ಮುಸಲ್ಮಾನ ಉಪಾಧ್ಯಾಯರು, ಆಮೇಲೆ ಆರ್ಯಸಮಾಜದ ಪಂಡಿತ ಆತ್ಮಾರಾಮರು ಆ ಹೊಣೆ ಹೊತ್ತರು. 1913ರಲ್ಲಿ ಭೀಮರಾವ್ ಅಂಬೇಡ್ಕರರನ್ನು ಅಮೆರಿಕೆಯ ಕೊಲಂಬಿಯಾ ವಿಶ್ವವಿದ್ಯಾನಿಲಯಕ್ಕೆ ಕಳುಹಿಸಿದ್ದು ಬರೋಡೆಯ ವಿದ್ಯಾರ್ಥಿವೇತನ. ಅದೇ ಅಂಬೇಡ್ಕರರು 1917ರಲ್ಲಿ ಆ ಸಂಸ್ಥಾನದ ಸೇವೆಗೆಂದು ಬಂದಾಗ ಬರೋಡಾ ನಗರದಲ್ಲಿ ತಲೆಯೂರಲು ಒಂದು ಮನೆ ದೊರೆಯದೆ ಮುಂಬಯಿಗೆ ಮರಳಬೇಕಾಯಿತು. ಶುಲ್ಕವಿಲ್ಲದ ಗ್ರಂಥಾಲಯ ತೆರೆದು ಏಳು ವರ್ಷ ಕಳೆದಿದ್ದ ನಗರವದು. ಅರಸರ ಆಜ್ಞೆ ಪುಸ್ತಕದ ಕಪಾಟುಗಳನ್ನು ತೆರೆಯಿಸಿತು, ಬೀದಿಯ ಬಾಗಿಲುಗಳನ್ನು ತೆರೆಯಿಸಲಿಲ್ಲ.

ಅರಮನೆಯಲ್ಲಿಯೂ ಸುಖ ತುಂಬಿರಲಿಲ್ಲ. ಜ್ಯೇಷ್ಠಪುತ್ರ ಫತೇಸಿಂಗರಾವ್ 1908ರಲ್ಲಿಯೂ ಶಿವಾಜಿರಾವ್ 1919ರಲ್ಲಿಯೂ ಜಯಸಿಂಗರಾವ್ 1923ರಲ್ಲಿಯೂ ಗತಿಸಿದರು. ಮೂವರು ಬೆಳೆದ ಮಕ್ಕಳನ್ನು ಕಳೆದುಕೊಂಡ ತಂದೆ ಮತ್ತೆ ಮತ್ತೆ ಊರ ಮಕ್ಕಳ ಶಾಲೆಗಳ ಕಡತಗಳಿಗೆ ಮರಳುತ್ತಿದ್ದರು. 1927ರಲ್ಲಿ ಕೇಂದ್ರ ಗ್ರಂಥಾಲಯದ ಸಂಸ್ಕೃತ ವಿಭಾಗವು ಬೇರ್ಪಟ್ಟು ಪ್ರಾಚ್ಯವಿದ್ಯಾಮಂದಿರವಾಯಿತು. ನಮ್ಮ ಸೋಮೇಶ್ವರನ ಗ್ರಂಥದ ಮುಂದಿನ ಸಂಪುಟಗಳು ಅಲ್ಲಿಂದ ಬಂದವು. ಮಕ್ಕಳ ವಿಭಾಗ ಗ್ರಂಥಾಲಯದಲ್ಲಿಯೇ ಉಳಿಯಿತು.

1939ರ ಫೆಬ್ರುವರಿ 6ರಂದು ಮುಂಬಯಿಯಲ್ಲಿ ಸಯಾಜಿರಾಯರು ದೇಹ ಬಿಟ್ಟರು. ಅವರಿಗೆ ಎಪ್ಪತ್ತಾರನೆಯ ವರ್ಷ ನಡೆಯುತ್ತಿತ್ತು. ಅದೇ ವರ್ಷದಲ್ಲಿ ಮೋತೀಭಾಯಿ ಅಮೀನರೂ ತೀರಿಕೊಂಡರು. ಹತ್ತು ವರ್ಷಗಳ ಮೇಲೆ, 1949ರಲ್ಲಿ, ಸಂಸ್ಥಾನವು ಮುಂಬಯಿ ಪ್ರಾಂತದಲ್ಲಿ ಲೀನವಾಯಿತು. 1960ರಿಂದ ಅದು ಗುಜರಾತ್ ರಾಜ್ಯದ ಭಾಗ. ಗಾದಿ ಹೋಯಿತು, ಆ ಹೆಸರಿನ ನಾಣ್ಯಗಳು ಹೋದವು. ಬರೋಡಾ ಈಗ ವಡೋದರಾ ಎನಿಸಿಕೊಂಡಿದೆ. ಆ ನಗರದ ಮಾಂಡವಿಯ ಬಳಿಯಲ್ಲಿರುವ ಕೇಂದ್ರ ಗ್ರಂಥಾಲಯಕ್ಕೆ ಓದುಗರು ಇಂದಿಗೂ ಹೋಗಿ ಬರುತ್ತಿದ್ದಾರೆ.